ಕುಂಬಳಕ್ಕೆ ಇನ್ನೊಂದು ಸುತ್ತು ಯೂರಿಯಾ ಬೇಡ

ಕುಂಬಳದ ಬಗ್ಗೆ ಕೇಳಿದ ಅಣ್ಣ, ನೀವು ಬರೆದಿರೋದು ಇಷ್ಟು: ಬಳ್ಳಿ ಹುಲುಸಾಗಿದೆ, ದಿನಾ ಹೂ ಬಿಡ್ತಿದೆ, ಹೀಚು ಮಾತ್ರ ಹಳದಿಯಾಗಿ ಉದುರ್ತಿದೆ, ಜೇನು ಕಾಣ್ತಿಲ್ಲ. ಯೂರಿಯಾ ಕೊಡಲಾ, ಬೆಲ್ಲದ ನೀರು ಹೊಡೆಯಲಾ? ನನ್ನ ಕೇಳಿದ್ರೆ ಎರಡೂ ಬೇಡ. ಗಂಡು ಹೂವಿನ ಪರಾಗ ಹೆಣ್ಣು ಹೂವಿಗೆ ತಲುಪದಿದ್ರೆ ಹೀಚು ಹೀಗೆ ಉದುರುತ್ತೆ, ಅದನ್ನ ತಲುಪಿಸೋದು ಜೇನು.

ಜೇನು ಹೂವಿಗೆ ಬರೋದು ಮಕರಂದಕ್ಕೆ, ಪರಾಗಕ್ಕೆ. ಮಕರಂದದ ಸಕ್ಕರೆ ಅದಕ್ಕೆ ಹಾರೋ ಶಕ್ತಿ, ಪರಾಗದ ಪ್ರೋಟೀನ್ ಗೂಡಿನ ಮರಿಹುಳುಗಳಿಗೆ. ಈ ಸಕ್ಕರೆ ಗೊಬ್ಬರದ ಚೀಲದಿಂದ ಬರಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡ್, ಬೇರು ಕಳಿಸಿದ ನೀರು ಸೇರಿಸಿ ಬಿಸಿಲಲ್ಲಿ ಎಲೆ ಅದನ್ನ ತಯಾರಿಸುತ್ತೆ. ಬಳ್ಳಿಯ ನಾಳಗಳಲ್ಲಿ ಹರಿದು ಬಂದು ಹೂವಿನ ಬುಡದ ಗ್ರಂಥಿಯಲ್ಲಿ ಮಕರಂದವಾಗಿ ಒಸರುತ್ತೆ. ಸಾರಜನಕ, ಪೊಟ್ಯಾಷ್, ಬೋರಾನ್ ಬೇರಿನಿಂದಲೇ ಬರಬೇಕು, ನಿಜ. ಆದರೆ ಸಾರಜನಕ ಅತಿಯಾದ್ರೆ ಬಳ್ಳಿ ಎಲೆ-ಕುಡಿ ಬಿಡೋದರಲ್ಲೇ ಇರುತ್ತೆ, ಗಂಡು ಹೂವೇ ಜಾಸ್ತಿ ಬರುತ್ತೆ. ನಿಮ್ಮ ಫೋಟೋದ ಎಲೆ ನೋಡಿದ್ರೆ ಕಡುಹಸಿರು, ಊಟದ ತಟ್ಟೆಯಷ್ಟು ಅಗಲ. ಸಾರಜನಕ ಸಾಕಾಗಿದೆ, ಸಾರಜನಕವನ್ನೇ ಕೊಡೋ ಯೂರಿಯಾ ಮತ್ತೆ ಯಾಕೆ?

ಹೆಣ್ಣು ಹೂವಿನಲ್ಲಿ ಪರಾಗ ಇರಲ್ಲ, ಜೇನಿಗೆ ಸಿಗೋದು ಮಕರಂದ ಮಾತ್ರ. ನೆಲ ಒಣಗಿದ್ರೆ ಅದೂ ಕಡಿಮೆಯಾಗುತ್ತೆ, ಆಮೇಲೆ ಜೇನು ಯಾಕೆ ಬರುತ್ತೆ? ಹೂ ಬಿಡೋ ಕಾಲದಲ್ಲಿ ಬುಡದ ತೇವ ಆರದಂತೆ ನೋಡಿಕೊಳ್ಳಿ, ಒಣಹುಲ್ಲು ಹೊದಿಸಿ. ಬೆಲ್ಲದ ನೀರು ಎಲೆ ಮೇಲೆ ಅಂಟಾಗಿ ಕೂತು ಇರುವೆ ಕರೆಯುತ್ತೆ, ಅಷ್ಟೆ. ಎಲೆ ನೆಕ್ಕೋಕೆ ಬಂದ ಜೇನಿನಿಂದ ಹೂವಿಗೇನು ಲಾಭ?

ಇನ್ನು ಹೊತ್ತು. ಕುಂಬಳದ ಹೂ ನಸುಕಿನಲ್ಲಿ ಅರಳಿ ಮಧ್ಯಾಹ್ನದೊಳಗೆ ಮುದುಡುತ್ತೆ, ಮತ್ತೆ ಅರಳಲ್ಲ. ಹತ್ತು ಗಂಟೆಗೆ ತೋಟಕ್ಕೆ ಹೋಗಿ ಜೇನಿಲ್ಲ ಅಂದ್ರೆ ಆಗಲ್ಲ, ಆರೂವರೆ ಏಳಕ್ಕೆ ನೋಡಿ. ನಿಜಕ್ಕೂ ಬರ್ತಿಲ್ಲ ಅಂದ್ರೆ ಕೈಯಲ್ಲೇ ಪರಾಗಸ್ಪರ್ಶ ಮಾಡಿ: ಆಗಷ್ಟೇ ಅರಳಿದ ಗಂಡು ಹೂ ಕಿತ್ತು, ಎಸಳು ತೆಗೆದು, ಪರಾಗವನ್ನ ಹೆಣ್ಣು ಹೂವಿನ ನಡುವೆ ಪರಾಗ ಹಿಡಿಯೋ ತುದಿಯ (ಶಲಾಕಾಗ್ರ) ಎಲ್ಲಾ ಹಾಲೆಗಳಿಗೂ ಮೆಲ್ಲಗೆ ಸವರಿ. ಒಂದೇ ಕಡೆ ಸವರಿದ್ರೆ ಕಾಯಿ ಸೊಟ್ಟಗಾಗಬಹುದು. ಹೆಣ್ಣು ಹೂ ಗುರುತು ಸುಲಭ, ಬುಡದಲ್ಲಿ ಪುಟ್ಟ ಕಾಯಿ ಇರುತ್ತೆ. ಮೊದಮೊದಲು ಬರೀ ಗಂಡು ಹೂ ಬಿಟ್ಟು ಉದುರಿದ್ರೆ ಗಾಬರಿ ಬೇಡ, ಕುಂಬಳ ಇರೋದೇ ಹಾಗೆ.

ಬೋರಾನ್ ಹಾಕಿ ಅಂತ ಗುಂಪಿನಲ್ಲಿ ಒಬ್ಬರು ಹೇಳಿದ್ದಾರೆ. ಕೊರತೆ ಇದ್ರೆ ಪರಾಗನಾಳ (ಪರಾಗದಿಂದ ಹೊರಟು ಹೀಚಿನೊಳಗೆ ಇಳಿಯೋ ಸಣ್ಣ ಕೊಳವೆ) ಸರಿಯಾಗಿ ಬೆಳೆಯಲ್ಲ, ಅದು ನಿಜ. ಆದರೆ ಸ್ವಲ್ಪ ಹೆಚ್ಚಾದ್ರೂ ಎಲೆಯ ಅಂಚು ಸುಡುತ್ತೆ. ಮಣ್ಣು ಪರೀಕ್ಷೆ ಮಾಡಿಸಿ ಆಮೇಲೆ ನೋಡಿ.

ಸೋರೆಗೆ ಬೆಳಿಗ್ಗೆ ಜೇನೇ ಬರಲ್ಲ ಅಂದ ಅಕ್ಕ, ಸೋರೆ ಅರಳೋದೇ ಸಂಜೆ. ರಾತ್ರಿ ಪತಂಗಗಳು ಬರ್ತವೆ. ಹೀರೆಯೂ ಇಳಿಹೊತ್ತಿಗೇ ಅರಳೋದು. ಅವಕ್ಕೆ ಕೈ ಪರಾಗಸ್ಪರ್ಶ ಸಂಜೆಯೇ ಮಾಡಿ.

ನನಗೆ ಹೆಚ್ಚು ಅನುಮಾನ ಇರೋದು ಕೀಟಕ್ಕೆ ಹೊಡೆಯೋ ಔಷಧಿ ಮೇಲೆ. ಸಂಜೆ ಹೊಡೆದ್ರೆ ಜೇನಿಗೆ ತೊಂದರೆ ಇಲ್ಲ ಅಂತ ಗುಂಪಿನಲ್ಲಿ ಆಗಾಗ ಓದ್ತೀನಿ. ಎಲೆ ಮೇಲೇ ಉಳಿದು ಬೇಗ ಇಳಿದುಹೋಗೋ ಔಷಧಿಗೆ ಆ ಮಾತು ಸ್ವಲ್ಪ ಮಟ್ಟಿಗೆ ಸರಿ. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್ ಅನ್ನೋ ಕೀಟನಾಶಕಗಳು ಹಾಗಲ್ಲ. ಗಿಡದೊಳಗೆ ಸೇರಿ ರಸದ ಜೊತೆ ಹೋಗ್ತವೆ, ಮಕರಂದ-ಪರಾಗಕ್ಕೂ ಸೇರ್ತವೆ. ಯಾವ ಹೊತ್ತಲ್ಲಿ ಹೊಡೆದ್ರೂ ಅಷ್ಟೆ.

ಬೇಲಿ ಪಕ್ಕ ಒಂದಿಷ್ಟು ತುಳಸಿ, ಹುಚ್ಚೆಳ್ಳು ಹಾಕಿ, ಕೊತ್ತಂಬರಿ ಕೀಳದೆ ಹೂವಿಗೆ ಬಿಡಿ. ಕುಂಬಳದ ಹೂ ಮುದುಡಿದ ಮೇಲೂ ತುಡುವೆ, ಮುಜಂಟಿ ಜೇನುಗಳಿಗೆ ಮೇವು ಬೇಕು. ಪದರ ಪದರ ಎಸಳಿನ ದಾಸವಾಳ ನೋಡೋಕೆ ಚಂದ, ಆದರೆ ಕೇಸರಗಳೇ ಎಸಳಾಗಿರೋದರಿಂದ ಪರಾಗ ಸಿಗೋದು ಕಡಿಮೆ.

ಕಳೆದ ತಿಂಗಳು ಯಾವ ಔಷಧಿ ಹೊಡೆದಿರಿ, ಬೀಜೋಪಚಾರ (ಬಿತ್ತೋ ಮೊದಲು ಬೀಜಕ್ಕೆ ಔಷಧಿ ಹಚ್ಚೋದು) ಆಗಿತ್ತಾ ಅನ್ನೋದನ್ನ ಬರೆಯಿರಿ. ಬೆಳಿಗ್ಗೆ ಏಳರ ಹೊತ್ತಿನ ಹೆಣ್ಣು ಹೂವಿನ ಫೋಟೋನೂ ಹಾಕಿ.