ತೊಂಬತ್ತು ನಿಮಿಷಗಳ ಪಿಂಕ್ ಫ್ಲಾಯ್ಡ್

ಯೌವನದಲ್ಲಿ ಬಹಳವಾಗಿ ಮೆಚ್ಚಿಕೊಂಡಿದ್ದ ರಾಕ್ ಬ್ಯಾಂಡ್ ಯಾವುದು, ಇಷ್ಟು ವರ್ಷಗಳ ನಂತರ ಅದನ್ನು ಕೇಳಿದಾಗ ಅಂದಿನ ಅನುಭವವೇ ಮರಳಿ ಬರುತ್ತದೆಯೇ ಎಂದು ನೀವು ಕೇಳಿದ್ದೀರಿ. ಮೊದಲನೆಯದಕ್ಕೆ ಯೋಚಿಸದೆ ಉತ್ತರ ಹೇಳಬಲ್ಲೆ. ಅದು ಪಿಂಕ್ ಫ್ಲಾಯ್ಡ್. ಎರಡನೆಯದಕ್ಕೆ ಹೌದು ಎನ್ನಲಾರೆ. ನೆನಪು ಮರಳುತ್ತದೆ, ಆದರೆ ಕೇಳುವ ಕಿವಿ ಮೊದಲಿನದಲ್ಲ. ಹದಿನೆಂಟರ ವಯಸ್ಸಿನಲ್ಲಿ ಆ ಹಾಡುಗಳಲ್ಲಿ ನನಗೆ ಕೇಳಿಸುತ್ತಿದ್ದುದೆಲ್ಲ ಗಿಟಾರ್. ಇಂದು ಅವೇ ಹಾಡುಗಳಲ್ಲಿ ನಾನು ಹುಡುಕಿಕೊಂಡು ಹೋಗುವುದು ಗಿಟಾರಿನ ಹಿಂದೆ ಸದ್ದಿಲ್ಲದೆ ಕುಳಿತಿರುವ ಕೀಬೋರ್ಡನ್ನು. ಇದು ಹೇಗಾಯಿತೆಂದು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

1980ರ ದಶಕದ ಕೊನೆಯ ವರ್ಷಗಳಲ್ಲಿ ನನ್ನ ಕೈಗೆ ಬಂದದ್ದು ಮೂಲ ಕ್ಯಾಸೆಟ್ ಅಲ್ಲ. ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲೇ ಇದ್ದ ಗೆಳೆಯನೊಬ್ಬ, ಪರಿಚಿತರ ಮನೆಯಲ್ಲಿದ್ದ ಎಲ್‌ಪಿ ತಟ್ಟೆಗಳಿಂದ ತಾನೇ ತುಂಬಿಸಿಕೊಂಡು ತಂದಿದ್ದ ತೊಂಬತ್ತು ನಿಮಿಷಗಳ ಕ್ಯಾಸೆಟ್ ಅದು. ಒಂದು ಬದಿಯಲ್ಲಿ 1973ರ ‘ದ ಡಾರ್ಕ್ ಸೈಡ್ ಆಫ್ ದ ಮೂನ್’, ಇನ್ನೊಂದು ಬದಿಯಲ್ಲಿ 1975ರ ‘ವಿಶ್ ಯು ವರ್ ಹಿಯರ್’. ಮೊದಲನೆಯದು ಸುಮಾರು 43 ನಿಮಿಷ, ಎರಡನೆಯದು 44 ನಿಮಿಷಕ್ಕೆ ತುಸು ಹೆಚ್ಚು. ಕ್ಯಾಸೆಟ್ಟಿನ ಒಂದೊಂದು ಬದಿಗೆ 45 ನಿಮಿಷ. ಎರಡು ಆಲ್ಬಮ್‌ಗಳು ಒಂದೇ ಕ್ಯಾಸೆಟ್ಟಿನಲ್ಲಿ ಹೀಗೆ ಅಳತೆ ಮಾಡಿದಂತೆ ಕೂರುವುದನ್ನು ಕಂಡು ನನಗೆ ಆಗ ಎಷ್ಟು ಸಂತೋಷವಾಗಿತ್ತೆಂದರೆ, ಇವೆರಡೂ ಒಂದೇ ದೀರ್ಘ ಕೃತಿಯ ಎರಡು ಭಾಗಗಳೆಂದೇ ಬಹಳ ದಿನ ಭಾವಿಸಿಕೊಂಡಿದ್ದೆ. ಗೆಳೆಯ ತುಂಬಿಸುವಾಗ ತಟ್ಟೆಯನ್ನು ಮಗುಚಿ ಹಾಕುವಷ್ಟು ಹೊತ್ತು ಟೇಪನ್ನು ನಿಲ್ಲಿಸದೆ ಹಾಗೆಯೇ ಓಡಲು ಬಿಟ್ಟಿದ್ದ. ಆದ್ದರಿಂದ ಪ್ರತಿಯೊಂದು ಆಲ್ಬಮ್‌ನ ನಡುವೆಯೂ ಒಂದು ದೀರ್ಘ ಮೌನವಿತ್ತು, ಆ ಮೌನದಲ್ಲಿ ಟೇಪಿನ ಸಣ್ಣ ಸುಯ್ಯೆನ್ನುವ ಸದ್ದು ಮಾತ್ರ ಕೇಳುತ್ತಿತ್ತು. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದಕ್ಕೆ ಮರಳಿ ಬರುತ್ತೇನೆ.

ಮೊದಲ ಸಲ ಕೇಳಿದ್ದು ರಾತ್ರಿ, ದೀಪ ಆರಿಸಿ, ಪಕ್ಕದ ಕೋಣೆಯವರಿಗೆ ತೊಂದರೆಯಾಗದಿರಲೆಂದು ಸದ್ದು ತಗ್ಗಿಸಿಕೊಂಡು. ಹೃದಯದ ಬಡಿತದಿಂದ ಆರಂಭವಾಗಿ ಹೃದಯದ ಬಡಿತದಲ್ಲೇ ಮುಗಿಯುವ ಸಂಗೀತವನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ನಡುವೆ ಒಮ್ಮೆಲೇ ಹತ್ತಾರು ಗಡಿಯಾರಗಳು ಬಾರಿಸಿದಾಗ ನಾವಿಬ್ಬರೂ ಬೆಚ್ಚಿ ಎದ್ದು ಕುಳಿತಿದ್ದೆವು. ಆ ಗಡಿಯಾರಗಳ ಸದ್ದನ್ನು ಸೌಂಡ್ ಎಂಜಿನಿಯರ್ ಅಲನ್ ಪಾರ್ಸನ್ಸ್ ಹಳೆಯ ಗಡಿಯಾರಗಳ ಅಂಗಡಿಯೊಂದರಲ್ಲಿ ಒಂದೊಂದಾಗಿ ಧ್ವನಿಮುದ್ರಿಸಿ ತಂದಿದ್ದರೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಕ್ಯಾಸೆಟ್ಟಿನ ಚೀಟಿಯ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದ ಹಾಡುಗಳ ಹೆಸರುಗಳನ್ನು ಬಿಟ್ಟರೆ ನನ್ನ ಬಳಿ ಇನ್ನೇನೂ ಇರಲಿಲ್ಲ: ಚಿತ್ರವಿಲ್ಲ, ಹಾಡಿದವರು ಯಾರು, ನುಡಿಸಿದವರು ಯಾರೆಂಬ ವಿವರವಿಲ್ಲ. ಮೂಲ ತಟ್ಟೆಯ ಹೊದಿಕೆಯ ಮುಂಬದಿಯಲ್ಲಿಯೂ ಬ್ಯಾಂಡಿನ ಹೆಸರಾಗಲಿ ಮುಖವಾಗಲಿ ಇರಲಿಲ್ಲ, ಕಪ್ಪು ಹಿನ್ನೆಲೆಯಲ್ಲಿ ಬೆಳಕನ್ನು ಬಣ್ಣಗಳಾಗಿ ಒಡೆಯುವ ಪಟ್ಟಕದ ಚಿತ್ರ ಮಾತ್ರ ಇತ್ತು ಎಂದು ತಿಳಿದಾಗ, ಅವರ ಮುಖ ನೋಡದೆಯೇ ಅವರನ್ನು ಪ್ರೀತಿಸಿದ್ದು ಸರಿಯಾಗಿಯೇ ಇತ್ತು ಎನ್ನಿಸಿತು.

ಇನ್ನೊಂದು ಬದಿಯ ವಿಷಯದಲ್ಲಿ ನಡೆದ ಒಂದು ಪ್ರಸಂಗವನ್ನು ನಾನು ಇಂದಿಗೂ ಮರೆತಿಲ್ಲ. ‘ವಿಶ್ ಯು ವರ್ ಹಿಯರ್’ ಎಂಬ ಹೆಸರಿನದೇ ಹಾಡು ಆರಂಭವಾಗುವಾಗ ರೇಡಿಯೋ ಕೇಂದ್ರಗಳನ್ನು ತಿರುಗಿಸುವ ಗರಗರ ಸದ್ದು, ಯಾರದೋ ಮಾತು ಕೇಳಿಸಿ, ಬಳಿಕ ಎಲ್ಲೋ ದೂರದಲ್ಲಿ ಸಣ್ಣ ಸ್ಪೀಕರಿನಿಂದ ಬಂದಂತೆ ಗಿಟಾರ್ ಕೇಳುತ್ತದೆ. ತುಂಬಿಸುವಾಗ ಏನೋ ಕೆಟ್ಟಿದೆ ಎಂದುಕೊಂಡು, ಇನ್ನೊಮ್ಮೆ ತುಂಬಿಸಿ ತರುವಂತೆ ನಾನು ಗೆಳೆಯನಿಗೆ ಹೇಳಿದೆ. ಅವನು ಏನೂ ಹೇಳದೆ ಇನ್ನರ್ಧ ನಿಮಿಷ ಕಾಯುವಂತೆ ಕೈ ಸನ್ನೆ ಮಾಡಿದ. ಆಗ ಎರಡನೆಯ ಗಿಟಾರ್ ಬಂದಿತು, ಸ್ಪಷ್ಟವಾಗಿ, ಹತ್ತಿರದಲ್ಲಿ, ನಮ್ಮ ಕೋಣೆಯಲ್ಲೇ ಯಾರೋ ಕುಳಿತು ರೇಡಿಯೋದಲ್ಲಿ ಬರುವ ಹಾಡಿಗೆ ಜೊತೆಯಾಗಿ ನುಡಿಸುತ್ತಿರುವಂತೆ. ಬ್ಯಾಂಡಿನ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಬೇಕೆಂದೇ ಮಾಡಿದ್ದ ರಚನೆ ಅದು. ದೂರದಲ್ಲಿರುವವನೊಬ್ಬ, ಹತ್ತಿರದಲ್ಲಿರುವವನೊಬ್ಬ, ಇಬ್ಬರ ನಡುವೆ ಒಂದು ಹಾಡು ಎಂಬ ಭಾವವನ್ನು ಒಂದು ಪದವನ್ನೂ ಬಳಸದೆ ಕಟ್ಟಿಕೊಡಬಹುದು ಎಂಬುದನ್ನು ನಾನು ಕಲಿತದ್ದು ಆ ಅರ್ಧ ನಿಮಿಷದಲ್ಲಿ. ಇಂಗ್ಲಿಷ್ ಹಾಡಿನ ಮಾತುಗಳು ಆಗ ನನಗೆ ಪೂರ್ತಿ ಅರ್ಥವಾಗುತ್ತಿರಲಿಲ್ಲ. ಈ ಒಂದು ಹಾಡಿಗೆ ಮಾತ್ರ ಅರ್ಥದ ಅಗತ್ಯವೇ ಬೀಳಲಿಲ್ಲ.

ದೂರದಲ್ಲಿರುವವನು ಯಾರೆಂಬುದು ಅನಂತರ ತಿಳಿಯಿತು. 1965ರ ಲಂಡನ್ನಿನಲ್ಲಿ ವಾಸ್ತುಶಿಲ್ಪ ಓದುವಾಗ ಜೊತೆಯಾಗಿದ್ದ ರೋಜರ್ ವಾಟರ್ಸ್, ನಿಕ್ ಮೇಸನ್ ಮತ್ತು ರಿಚರ್ಡ್ ರೈಟ್ ಅವರೊಂದಿಗೆ ಸೇರಿ ಈ ಬ್ಯಾಂಡಿಗೆ ರೂಪ ಕೊಟ್ಟವರು ಸಿಡ್ ಬ್ಯಾರೆಟ್. ಪಿಂಕ್ ಆಂಡರ್ಸನ್ ಮತ್ತು ಫ್ಲಾಯ್ಡ್ ಕೌನ್ಸಿಲ್ ಎಂಬ ಇಬ್ಬರು ಬ್ಲೂಸ್ ಗಾಯಕರ ಹೆಸರುಗಳನ್ನು ಜೋಡಿಸಿ ಬ್ಯಾಂಡಿಗೆ ಹೆಸರಿಟ್ಟವರೂ ಅವರೇ. 1967ರ ಮೊದಲ ಆಲ್ಬಮ್‌ನ ಬಹುಪಾಲು ಹಾಡುಗಳು ಅವರವು. ಅದಾಗಿ ಒಂದು ವರ್ಷ ಕಳೆಯುವ ಮೊದಲೇ ಅವರ ಮನಸ್ಸಿನ ಆರೋಗ್ಯ ಕುಸಿದು, 1968ರಲ್ಲಿ ಬ್ಯಾಂಡ್ ಅವರಿಲ್ಲದೆ ಮುಂದೆ ಸಾಗಿತು. ಅವರ ಸ್ಥಾನಕ್ಕೆ ಗಿಲ್ಮೋರ್ ಬಂದರು. 1975ರ ಜೂನ್ 5ರಂದು, ಅದೇ ಸಿಡ್ ಅವರ ನೆನಪಿನಲ್ಲಿ ರಚಿಸಿದ ‘ಶೈನ್ ಆನ್ ಯು ಕ್ರೇಜಿ ಡೈಮಂಡ್’ ಇದ್ದ ಆಲ್ಬಮ್‌ನ ಕೆಲಸ ಆಬಿ ರೋಡ್ ಸ್ಟುಡಿಯೋದಲ್ಲಿ ನಡೆಯುತ್ತಿದ್ದಾಗ, ತಲೆಯನ್ನೂ ಹುಬ್ಬನ್ನೂ ಬೋಳಿಸಿಕೊಂಡ, ದಪ್ಪಗಾಗಿದ್ದ ವ್ಯಕ್ತಿಯೊಬ್ಬರು ಒಳಗೆ ಬಂದು ನಿಂತರು. ಜೊತೆಯಲ್ಲಿ ಬೆಳೆದ ಗೆಳೆಯರಿಗೂ ಅವರು ಯಾರೆಂದು ತಿಳಿಯಲಿಲ್ಲ. ಗುರುತು ಹತ್ತಿದಾಗ ವಾಟರ್ಸ್ ಅವರ ಕಣ್ಣಲ್ಲಿ ನೀರಿತ್ತೆಂದು ರೈಟ್ ನೆನಪಿಸಿಕೊಂಡಿದ್ದಾರೆ. ಇದನ್ನು ಓದಿದ ದಿನ ನಾನು ಕ್ಯಾಸೆಟ್ ಹಾಕಿ, ಒಂಬತ್ತು ಭಾಗಗಳ ಆ ಹಾಡಿನ ಆರಂಭವನ್ನು ಮತ್ತೆ ಕೇಳಿದೆ. ಎಂಟು ನಿಮಿಷಗಳಿಗೂ ಹೆಚ್ಚು ಕಾಲ ಅದರಲ್ಲಿ ಯಾರೂ ಹಾಡುವುದಿಲ್ಲ. ಸುಮಾರು ನಾಲ್ಕನೆಯ ನಿಮಿಷದಲ್ಲಿ ಗಿಲ್ಮೋರ್ ಅವರ ಗಿಟಾರ್ ನಾಲ್ಕೇ ಸ್ವರಗಳನ್ನು ನುಡಿಸಿ ನಿಲ್ಲುತ್ತದೆ, ಮತ್ತೆ ನುಡಿಸುತ್ತದೆ, ಬಾಗಿಲಲ್ಲಿ ನಿಂತು ಒಳಗಿರುವವನ ಹೆಸರು ಹಿಡಿದು ಕರೆದಂತೆ.

ಆ ವಯಸ್ಸಿನಲ್ಲಿ ನಮಗೆ ಈ ನಾಲ್ಕು ಸ್ವರಗಳೇ ಪಿಂಕ್ ಫ್ಲಾಯ್ಡ್. ನಾನು ಈ ಬ್ಯಾಂಡನ್ನು ಕಂಡುಕೊಳ್ಳುವ ವೇಳೆಗೆ ಅದು ಒಡೆದು ಹೋಗಿತ್ತು. ವಾಟರ್ಸ್ 1985ರಲ್ಲೇ ಹೊರಬಂದಿದ್ದರು. ಹೀಗಾಗಿ ಹಾಸ್ಟೆಲಿನ ನಮ್ಮ ಚರ್ಚೆಗಳೆಲ್ಲ ಅವರಿಬ್ಬರ ಸುತ್ತಲೇ ನಡೆಯುತ್ತಿದ್ದವು. ಮಾತು ಬರೆದ ವಾಟರ್ಸ್ ದೊಡ್ಡವರೋ, ಗಿಟಾರ್ ನುಡಿಸಿದ ಗಿಲ್ಮೋರ್ ದೊಡ್ಡವರೋ ಎಂಬ ವಾದ ಎಷ್ಟೋ ರಾತ್ರಿ ನಡೆದು, ಗೆಳೆಯ ವಾಟರ್ಸ್ ಪರವಾಗಿಯೂ ನಾನು ಗಿಲ್ಮೋರ್ ಪರವಾಗಿಯೂ ಮಲಗುತ್ತಿದ್ದೆವು. ಆ ವಾದವನ್ನು ಇಂದು ಯಾರಾದರೂ ಎತ್ತಿದರೆ ನಾನು ಅದರಲ್ಲಿ ಸೇರುವುದಿಲ್ಲ. ಅಷ್ಟು ರಾತ್ರಿಗಳಲ್ಲಿ ನಮ್ಮಿಬ್ಬರಲ್ಲಿ ಒಬ್ಬರೂ ಕೀಬೋರ್ಡ್ ನುಡಿಸುತ್ತಿದ್ದ ರಿಚರ್ಡ್ ರೈಟ್ ಅವರ ಹೆಸರೆತ್ತಲಿಲ್ಲ ಎಂಬುದೇ ಈಗ ನನ್ನನ್ನು ಕಾಡುತ್ತದೆ.

2005ರ ಜುಲೈ 2ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ನಡೆದ ಲೈವ್ 8 ಕಾರ್ಯಕ್ರಮದಲ್ಲಿ ವಾಟರ್ಸ್, ಗಿಲ್ಮೋರ್, ಮೇಸನ್ ಮತ್ತು ರೈಟ್ ನಾಲ್ವರೂ ಒಂದೇ ವೇದಿಕೆಗೆ ಬಂದರು. 1981ರ ನಂತರ ಅದೇ ಮೊದಲು. ಅದೇ ಕೊನೆಯದೂ ಆಯಿತು. ನಾನು ದೂರದರ್ಶನದ ಮುಂದೆ ಕುಳಿತು ನೋಡಿದೆ. ಮೊದಲು ಆ ಹೃದಯದ ಬಡಿತ ಕೇಳಿಸಿತು, ನನಗೆ ಹಾಸ್ಟೆಲಿನ ಕತ್ತಲೆ ಕೋಣೆ ಕಣ್ಣಮುಂದೆ ಬಂದಿತು. ‘ವಿಶ್ ಯು ವರ್ ಹಿಯರ್’ ಹಾಡುವ ಮೊದಲು ವಾಟರ್ಸ್, ಇಲ್ಲಿಲ್ಲದವರೆಲ್ಲರಿಗಾಗಿ, ಮುಖ್ಯವಾಗಿ ಸಿಡ್‌ಗಾಗಿ ಇದನ್ನು ನುಡಿಸುತ್ತಿದ್ದೇವೆ ಎಂಬ ಅರ್ಥದ ಮಾತು ಹೇಳಿದರು. ಆ ಗೆಳೆಯನೊಂದಿಗೆ ನನ್ನ ಸಂಪರ್ಕ ತಪ್ಪಿ ಆಗಲೇ ಹಲವು ವರ್ಷಗಳಾಗಿದ್ದವು. ಕೊನೆಯಲ್ಲಿ ನಾಲ್ವರೂ ಹೆಗಲ ಮೇಲೆ ಕೈ ಹಾಕಿ ನಿಂತಾಗ ಅವನು ಎಲ್ಲೋ ಕುಳಿತು ಇದನ್ನು ನೋಡುತ್ತಿರಲಿ ಎಂದು ಮನಸಾರೆ ಬಯಸಿದೆ. ಮರುವರ್ಷ ಸಿಡ್ ತೀರಿಕೊಂಡರು. 2008ರ ಸೆಪ್ಟೆಂಬರ್ 15ರಂದು, 65ನೆಯ ವಯಸ್ಸಿನಲ್ಲಿ, ರೈಟ್ ಕೂಡ ಹೋದರು.

ರೈಟ್ ತೀರಿಕೊಂಡ ಸುದ್ದಿ ಓದಿದಾಗ ನನಗೆ ದುಃಖಕ್ಕಿಂತ ಮೊದಲು ಬಂದದ್ದು ಒಂದು ಬಗೆಯ ಅಪರಾಧದ ಭಾವ. ಇಪ್ಪತ್ತು ವರ್ಷ ಪ್ರತಿವಾರ ಅವರನ್ನು ಕೇಳಿದ್ದೆ, ಒಮ್ಮೆಯೂ ಅವರನ್ನು ಗಮನಿಸಿರಲಿಲ್ಲ. ಅಂದು ರಾತ್ರಿ ಕೀಬೋರ್ಡನ್ನು ಮಾತ್ರ ಹಿಂಬಾಲಿಸುವುದೆಂದು ನಿಶ್ಚಯಿಸಿ ಎರಡೂ ಆಲ್ಬಮ್‌ಗಳನ್ನು ಮೊದಲಿನಿಂದ ಕೇಳಿದೆ, ಆಗ ನನಗೆ ಗೊತ್ತಿದ್ದ ಹಾಡುಗಳೇ ಬೇರೆಯಾಗಿ ನಿಂತವು. ‘ಬ್ರೀದ್’ ಹಾಡಿನಲ್ಲಿ ಒಂದು ಕಡೆ ಸ್ವರಗಳು ನಿರೀಕ್ಷಿಸದ ತಿರುವು ತೆಗೆದುಕೊಂಡು ಮನಸ್ಸನ್ನು ಸಡಿಲಗೊಳಿಸುತ್ತವೆ; ಆ ಸ್ವರಮೇಳ ತನಗೆ ಸಿಕ್ಕಿದ್ದು ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಜಾಝ್ ಆಲ್ಬಮ್‌ನಿಂದ ಎಂದು ರೈಟ್ ಹೇಳಿಕೊಂಡಿದ್ದಾರೆ. ‘ಅಸ್ ಆಂಡ್ ದೆಮ್’ ಹಾಡಿನ ಮೂಲವಾದ ಪಿಯಾನೋ ರಚನೆಯನ್ನು ಅವರು ಮಾಡಿದ್ದು ಆಂಟೋನಿಯೋನಿಯವರ ಒಂದು ಚಿತ್ರಕ್ಕಾಗಿ. ತೀರಾ ದುಃಖಮಯವಾಗಿದೆ ಎಂದು ನಿರ್ದೇಶಕರು ಅದನ್ನು ಬೇಡವೆಂದರು. ಅದು ವರ್ಷಗಟ್ಟಲೆ ಕಾದಿದ್ದು ಸರಿಯಾದ ಜಾಗದಲ್ಲಿ ಬಂದು ಕುಳಿತುಕೊಂಡಿತು. ಕ್ಲೇರ್ ಟೋರಿ ಎಂಬ ಗಾಯಕಿ ಒಂದು ಪದವೂ ಇಲ್ಲದೆ ಕೇವಲ ದನಿಯಿಂದ ಹಾಡಿದ ‘ದ ಗ್ರೇಟ್ ಗಿಗ್ ಇನ್ ದ ಸ್ಕೈ’ ಹಾಡಿನ ಕೆಳಗೆ ನಡೆಯುವ ಪಿಯಾನೋ ಕೂಡ ರೈಟ್ ಅವರದೇ. (ಅಂದು ಆಕೆಗೆ ಸಿಕ್ಕಿದ್ದು 30 ಪೌಂಡ್, ಹಾಡಿನ ರಚನೆಯಲ್ಲಿ ಆಕೆಯ ಹೆಸರು ಸೇರಿದ್ದು 2005ರ ಒಪ್ಪಂದದ ನಂತರ. ಅಷ್ಟು ತಡವಾದದ್ದು ತಪ್ಪು ಎಂದೇ ನನ್ನ ಅಭಿಪ್ರಾಯ.) ನಾನು ಗಿಲ್ಮೋರ್ ಎಂದು ಕರೆಯುತ್ತಿದ್ದ ಆ ವಿಶಾಲವಾದ ಆಕಾಶವನ್ನು ಅವರ ಗಿಟಾರಿಗೆ ಒದಗಿಸಿಕೊಟ್ಟವರು ಇನ್ನೊಬ್ಬರು.

1979ರಲ್ಲಿ ‘ದ ವಾಲ್’ ತಯಾರಾಗುವಾಗ ಬ್ಯಾಂಡಿನಿಂದ ಹೊರಹೋಗಬೇಕಾಗಿ ಬಂದು, ಅದೇ ಆಲ್ಬಮ್‌ನ ಕಛೇರಿಗಳಲ್ಲಿ ರೈಟ್ ಸಂಬಳಕ್ಕೆ ನುಡಿಸಿದರೆಂಬುದನ್ನೂ ನಾನು ಓದಿಕೊಂಡದ್ದು ಈ ಕಾಲದಲ್ಲಿಯೇ. ಅದರ ಬಗ್ಗೆ ಹೆಚ್ಚು ಬರೆಯಲು ಮನಸ್ಸು ಒಪ್ಪುವುದಿಲ್ಲ. 1971ರ ‘ಎಕೋಸ್’ ಎಂಬ 23 ನಿಮಿಷಗಳ ಕೃತಿ ರೈಟ್ ಅವರ ಪಿಯಾನೋದ ಒಂದೇ ಒಂದು ಸ್ವರದಿಂದ, ನೀರಿನ ಆಳದಿಂದ ಎದ್ದು ಬಂದಂತಹ ಸ್ವರದಿಂದ ಆರಂಭವಾಗುತ್ತದೆ. ಅವರಿಲ್ಲದೆ ಅದನ್ನು ಇನ್ನು ನುಡಿಸುವುದಿಲ್ಲವೆಂದು ಗಿಲ್ಮೋರ್ ಹೇಳಿದ್ದಾರೆ. ಯಾರು ದೊಡ್ಡವರು ಎಂಬ ನಮ್ಮ ಹಳೆಯ ವಾದದಲ್ಲಿ ಈ ಒಂದು ಮಾತು ನನಗೆ ಆಗಲೇ ಗೊತ್ತಿರಬೇಕಿತ್ತು.

ಇನ್ನು ಆ ಮೌನದ ವಿಷಯ. ಇಂದು ಫೋನಿನಲ್ಲಿ ಕೇಳುವಾಗ ಕ್ಲೇರ್ ಟೋರಿಯವರ ದನಿ ಕರಗುತ್ತಿದ್ದಂತೆಯೇ ಮುಂದಿನ ಹಾಡಿನ ನಾಣ್ಯಗಳ ಸದ್ದು ಬಂದುಬಿಡುತ್ತದೆ. ನನ್ನ ಕಿವಿ ಮಾತ್ರ ಅಲ್ಲಿ ಗೆಳೆಯನು ತಟ್ಟೆ ಮಗುಚುವಷ್ಟು ಹೊತ್ತು ಈಗಲೂ ಕಾಯುತ್ತದೆ. ಇನ್ನೊಂದು ಬದಿಯಲ್ಲಿ ಆ ಮೌನದಿಂದ ಒಂದು ನಷ್ಟವಾಗಿತ್ತು. 44 ನಿಮಿಷಗಳ ಆಲ್ಬಮ್‌ಗೆ ಆ ಬಿಡುವೂ ಸೇರಿದಾಗ 45 ನಿಮಿಷಗಳ ಟೇಪ್ ಸಾಲಲಿಲ್ಲ. ಕೊನೆಯ ಭಾಗ ಸಂಪೂರ್ಣವಾಗಿ ಕ್ಷೀಣಿಸುವ ಮೊದಲೇ ಟೇಪ್ ಮುಗಿದು ಗುಂಡಿ ಟಕ್ಕೆಂದು ಮೇಲೆ ಬರುತ್ತಿತ್ತು. ಹಾಡು ಮುಗಿಯುವುದೇ ಹಾಗೆ ಎಂದು ನಾನು ವರ್ಷಗಟ್ಟಲೆ ನಂಬಿದ್ದೆ. ಸಿಡಿ ಕೊಂಡ ಮೇಲೆ ಆ ಕೊನೆಯ ಕ್ಷಣಗಳು ಎಷ್ಟೋ ಸಲ ನನ್ನ ಮುಂದೆ ಹಾದುಹೋಗಿದ್ದಿರಬೇಕು, ಆದರೆ ನಾನು ಗಿಟಾರ್ ನಿಂತ ಮೇಲೆ ಕೇಳುವುದನ್ನು ನಿಲ್ಲಿಸುತ್ತಿದ್ದವನು. 2008ರ ಆ ರಾತ್ರಿ ಕೀಬೋರ್ಡಿನ ಹಿಂದೆಯೇ ಹೋಗಿದ್ದರಿಂದ ಕೊನೆಯವರೆಗೂ ಹೋದೆ. ‘ಶೈನ್ ಆನ್ ಯು ಕ್ರೇಜಿ ಡೈಮಂಡ್’ ಹಾಡಿನ ಒಂಬತ್ತನೆಯ ಭಾಗ ರೈಟ್ ಒಬ್ಬರೇ ರಚಿಸಿದ್ದು. ಎಲ್ಲ ವಾದ್ಯಗಳೂ ಹಿಂದೆ ಸರಿದು, ದನಿ ಇನ್ನೇನು ಇಲ್ಲವಾಗುತ್ತದೆ ಎನ್ನುವಾಗ, ಅವರ ಸಿಂಥಸೈಸರ್ ಬಹಳ ಮೆಲ್ಲಗೆ ಒಂದು ಹಳೆಯ ರಾಗದ ತುಣುಕನ್ನು ನುಡಿಸುತ್ತದೆ. 1967ರಲ್ಲಿ, ಎಲ್ಲವೂ ಇನ್ನೂ ಸರಿಯಾಗಿದ್ದಾಗ, ಸಿಡ್ ಬರೆದು ಹಾಡಿದ್ದ ‘ಸೀ ಎಮಿಲಿ ಪ್ಲೇ’ ಹಾಡಿನ ತುಣುಕು ಅದು. ನೀವು ಕೇಳುವುದಾದರೆ ಸದ್ದನ್ನು ಸ್ವಲ್ಪ ಹೆಚ್ಚಿಸಿಕೊಂಡು ಕೇಳಿ. ಕೆಲವೇ ಸೆಕೆಂಡುಗಳಲ್ಲಿ ಅದು ಮುಗಿದುಹೋಗುತ್ತದೆ.