ತೋಟಾ ಎಲ್ಲಿ ಸಿಕ್ಕಿಕೊಂಡಿತು, ಮೊದಲು ಅದನ್ನು ಹೇಳಿ

ಹೊಸ ಪಿಸ್ತೂಲು ಕೊಂಡವರ ಪತ್ರಗಳಲ್ಲಿ ಈ ಸಲವೂ ಅದೇ ದೂರು: ‘ಗನ್ ಸಿಕ್ಕಿಕೊಳ್ಳುತ್ತೆ, ಏನು ಮಾಡಬೇಕು?’ ಎಷ್ಟನೆಯ ತೋಟಾ, ಯಾವ ಮ್ಯಾಗಜಿನ್ (ಹಿಡಿಯೊಳಗೆ ಕೂರುವ, ತೋಟಾ ತುಂಬುವ ಪೆಟ್ಟಿಗೆ), ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆಮುಂದೆ ಜಾರುವ ಭಾಗ) ಎಲ್ಲಿ ನಿಂತಿತು ಎಂಬುದನ್ನು ಬರೆಯುವವರೇ ಇಲ್ಲ. ಹೊಟ್ಟೆನೋವು ಅಂದರೆ ಸಾಲದು, ಎಲ್ಲಿ ನೋವು ಅಂತ ತೋರಿಸಬೇಕು. ಸಂಡೂರಿನ ಓದುಗರೊಬ್ಬರು ಕಂಡದ್ದನ್ನು ಕಂಡ ಹಾಗೆ ಬರೆದಿದ್ದಾರೆ. ಆದ್ದರಿಂದ ಜಾಗದ ಬಹುಪಾಲು ಅವರಿಗೇ.

ಪ್ರಶ್ನೆ: ಲೈಸೆನ್ಸಿನ ಮೇಲೆ ಹೊಸ .32 ಪಿಸ್ತೂಲು ತಗೊಂಡಿದ್ದೇನೆ. ರೇಂಜಿನಲ್ಲಿ 20 ಸುತ್ತು ಹೊಡೆದಾಗ ನಾಲ್ಕು ಸಲ ಸಿಕ್ಕಿಕೊಂಡಿತು. ಎರಡು ಸಲ ತೋಟಾದ ಮೂತಿ ಕೆಳಗೆ ಬಗ್ಗಿ ನಿಂತಿತ್ತು. ಇನ್ನೆರಡು ಸಲ ಸ್ಲೈಡ್ ಪೂರ್ತಿ ಮುಚ್ಚಲಿಲ್ಲ. ಪರಿಚಯದ ಲೇತ್ ಮೇಸ್ತ್ರಿ, ‘ಒಳಗಿನ ಇಳಿಜಾರಿಗೆ ಎಮರಿ ಪೇಪರ್ ಹಾಕಿ ಉಜ್ಜಿಕೊಡ್ತೀನಿ, ಬೆಣ್ಣೆ ಹಂಗೆ ಹೋಗುತ್ತೆ’ ಅಂತಾರೆ. ಮಾಡಿಸಲೇ? (ಸಂಡೂರು)

ಉತ್ತರ: ಮಾಡಿಸಬೇಡಿ. ಆ ಮೇಸ್ತ್ರಿ ಪಂಪ್‌ಸೆಟ್ಟಿನ ಶಾಫ್ಟ್ ಚೆನ್ನಾಗಿ ತಿರುವಬಹುದು, ಪಿಸ್ತೂಲು ಅವರ ಕೆಲಸವಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕು ರಿಪೇರಿ ಮಾಡುವ ಅಂಗಡಿಗೂ ಲೈಸೆನ್ಸ್ ಬೇಕು. ಕಾನೂನನ್ನು ಬದಿಗಿಟ್ಟರೂ ಆ ಇಳಿಜಾರು, ಅಂದರೆ ಮ್ಯಾಗಜಿನ್ನಿನಿಂದ ತೋಟಾ ಮೇಲೇರುವ ಫೀಡ್ ರ‍್ಯಾಂಪ್, ಆಟವಾಡುವ ಜಾಗವಲ್ಲ. ಅದು ಚೇಂಬರಿನ, ಅಂದರೆ ಬ್ಯಾರೆಲ್ಲಿನಲ್ಲಿ ತೋಟಾ ಕೂರುವ ಗೂಡಿನ, ಬಾಯಿಗೆ ಸೇರುವಲ್ಲಿ ತೋಟಾದ ಹಿತ್ತಾಳೆಗೆ ಕೆಳಗಿನಿಂದ ಆಸರೆ ಇರುತ್ತದೆ. ಉಜ್ಜಿ ಉಜ್ಜಿ ಆ ಅಂಚು ಸವೆದರೆ, ಹೊಡೆದಾಗ ಹಿತ್ತಾಳೆ ಅಲ್ಲೇ ಉಬ್ಬುತ್ತದೆ. ಹೆಚ್ಚು ಸವೆದಿದ್ದರೆ ಅಲ್ಲೇ ಒಡೆದು ಬಿಸಿ ಗಾಳಿ ಮ್ಯಾಗಜಿನ್ ಕಡೆಗೆ, ಅಂದರೆ ನಿಮ್ಮ ಅಂಗೈ ಕಡೆಗೆ ನುಗ್ಗುತ್ತದೆ. ತೆಗೆದ ಉಕ್ಕನ್ನು ಮತ್ತೆ ಅಂಟಿಸಲು ಬರುವುದಿಲ್ಲ.

ನಿಮ್ಮ ನಾಲ್ಕು ತೊಂದರೆ ಒಂದೇ ಜಾತಿಯವಲ್ಲ. ಮೂತಿ ಕೆಳಗೆ ಬಗ್ಗಿದರೆ ಅನುಮಾನ ಮ್ಯಾಗಜಿನ್ ಮೇಲೆ. ಸ್ಲೈಡ್ ಎರಡು ಮೂರು ಮಿ.ಮೀ. ಮುಚ್ಚದೆ ನಿಂತರೆ ಅನುಮಾನ ಜಿಡ್ಡಿನ ಮೇಲೆ, ಇಲ್ಲವೇ ತೋಟಾದ ಮೇಲೆ. ಹಾಗೆ ನಿಂತ ಸ್ಲೈಡನ್ನು ಅಂಗೈಯಿಂದ ಗುದ್ದಿ ಮುಚ್ಚುವ ಚಾಳಿ ಬಿಡಿ.

ಕೈ ಹಾಕುವ ಮುಂಚೆ ಮೊದಲು ಮ್ಯಾಗಜಿನ್ ಹೊರಗೆ ಬರಬೇಕು, ಆಮೇಲೆ ಸ್ಲೈಡ್ ಹಿಂದಕ್ಕೆ. ಇದನ್ನು ತಿರುಗುಮುರುಗು ಮಾಡಿದರೆ ಒಂದು ತೋಟಾ ಹಾರಿ ಇನ್ನೊಂದು ಒಳಗೆ ಕೂರುತ್ತದೆ, ನೀವು ಖಾಲಿ ಎಂದುಕೊಂಡಿರುತ್ತೀರಿ. ಚೇಂಬರನ್ನು ಕಣ್ಣಿಂದಲೂ ನೋಡಿ, ಕಿರುಬೆರಳಿಂದಲೂ ಮುಟ್ಟಿ. ಬಿಚ್ಚುವ ಕೋಣೆಯಲ್ಲಿ ಒಂದು ತೋಟಾವೂ ಇರಬಾರದು.

ಇನ್ನು ಜಿಡ್ಡು. ಕಾರ್ಖಾನೆಯಿಂದ ಬರುವಾಗ ತುಕ್ಕು ಹಿಡಿಯದಿರಲೆಂದು ಬಳಿದ ದಪ್ಪ ಗ್ರೀಸ್ ಲೂಬ್ರಿಕೆಂಟ್ ಅಲ್ಲ. ಅದು ಚೇಂಬರಿನೊಳಗೆ, ಎಕ್ಸ್‌ಟ್ರಾಕ್ಟರ್ ಕೊಕ್ಕೆಯ (ಚೇಂಬರಿನಿಂದ ತೋಟಾ ಎಳೆಯುವ ಕೊಕ್ಕೆ) ಕೆಳಗೆ, ಮ್ಯಾಗಜಿನ್ ಒಳಗೋಡೆಗೆ ಅಂಟಿಕೊಂಡಿರುತ್ತದೆ. ಕೈಪಿಡಿ ನೋಡಿಕೊಂಡು, ಅದು ಹೇಳಿದಷ್ಟೇ ಬಿಚ್ಚಿ. ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಷ್ಷಿನಿಂದ ತೊಳೆದು, ಹಳೇ ಬನಿಯನ್ ಬಟ್ಟೆಯಲ್ಲಿ ಒರೆಸಿ ಪೂರ್ತಿ ಒಣಗಿಸಿ. ಸ್ಲೈಡ್ ಜಾರುವ ಹಳಿಗಳಿಗೆ ಪಕ್ಕಕ್ಕೊಂದು ಹನಿ ಗನ್ ಆಯಿಲ್, ಬ್ಯಾರೆಲ್ಲಿನ ಹೊರಮೈಗೆ ಬೆರಳಿಂದ ಸವರಿದಷ್ಟು, ಅಲ್ಲಿಗೆ ಮುಗಿಯಿತು. ಚೇಂಬರಿಗೂ ಮ್ಯಾಗಜಿನ್ ಒಳಗೂ ಎಣ್ಣೆ ಬೇಡ.

ನಮ್ಮ ಕಡೆ ಎಣ್ಣೆ ಮಿತಿಯಲ್ಲಿರಬೇಕು ಎನ್ನಲು ಇನ್ನೊಂದು ಕಾರಣವಿದೆ. ಸಂಡೂರಿನ ಕೆಂಪು ಧೂಳು ಕಬ್ಬಿಣದ ಆಕ್ಸೈಡ್. ಲೋಹಕ್ಕೆ ಹೊಳಪು ಕೊಡಲು ಉಜ್ಜುವ ಕೆಂಪು ಪುಡಿಯೂ ಅದೇ. ಹೆಚ್ಚಾದ ಎಣ್ಣೆಯಲ್ಲಿ ಅದು ಕಲಸಿದರೆ ಪಿಸ್ತೂಲಿನೊಳಗೆ ಉಜ್ಜುವ ಪೇಸ್ಟನ್ನೇ ತುಂಬಿದ ಹಾಗೆ. ಅದಿರಿನ ಲಾರಿ ಓಡಾಡುವ ರಸ್ತೆಬದಿಯ ಮನೆಯಾದರೆ ಹೊಡೆಯದಿದ್ದರೂ ತಿಂಗಳಿಗೊಮ್ಮೆ ಒರೆಸಿ.

ಈಗ ಮ್ಯಾಗಜಿನ್. ಎರಡು ಮ್ಯಾಗಜಿನ್ ಇದ್ದರೆ ಎರಡರ ತಳಕ್ಕೂ 1, 2 ಎಂದು ಪೇಂಟಿನಲ್ಲಿ ಗುರುತು ಹಾಕಿ. ತೊಂದರೆ ಪ್ರತಿ ಸಲ 2ನೆಯದರಲ್ಲೇ ಬಂದರೆ ಪಿಸ್ತೂಲಿಗೆ ಬೈಯುವ ಅಗತ್ಯವೇ ಇಲ್ಲ. ಎಷ್ಟನೆಯ ತೋಟಾ ಸಿಕ್ಕಿತು ಎಂಬುದೂ ಬಹಳ ಹೇಳುತ್ತದೆ. ತುಂಬಿದ ಮ್ಯಾಗಜಿನ್ನಿನ ಮೊದಲನೆಯದೇ ಸಿಕ್ಕಿದರೆ ಹೊಸ ಸ್ಪ್ರಿಂಗ್ ಬಿಗಿ ಇದೆ, ಸದ್ಯಕ್ಕೆ ಒಂದು ತೋಟಾ ಕಡಿಮೆ ತುಂಬಿ. ಕೊನೆಯದು ಸಿಕ್ಕಿದರೆ ಸ್ಪ್ರಿಂಗ್ ಸೋತಿರಬಹುದು, ಇಲ್ಲವೇ ಬಿಚ್ಚಿ ಜೋಡಿಸುವಾಗ ಹಿಂದುಮುಂದಾಗಿರಬಹುದು. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಂಡರೆ ಈ ಗೊಂದಲವೇ ಇರುವುದಿಲ್ಲ. ತೋಟಾ ಹಿಡಿದಿಡುವ ಮೇಲಿನ ತುಟಿಗಳು ಎರಡೂ ಕಡೆ ಸಮ ಇವೆಯೇ ನೋಡಿ. ನೆಲಕ್ಕೆ ಬಿದ್ದು ಒಂದು ತುಟಿ ಬಾಗಿದ್ದರೆ ಇಕ್ಕಳ ಹಿಡಿದು ತಿದ್ದಬೇಡಿ, ಮ್ಯಾಗಜಿನ್ ಬದಲಿಸಿ.

ನಡುವಿನ ತೋಟಾ ಸಿಕ್ಕಿದರೆ .32ರ ಹುಟ್ಟುಗುಣವನ್ನೇ ನೋಡಬೇಕು. 1899ರಲ್ಲಿ ಬ್ರೌನಿಂಗ್ ಪಿಸ್ತೂಲಿಗೆಂದು ಬಂದ ಈ ತೋಟಾಕ್ಕೆ ಹಿಂಬದಿಯಲ್ಲಿ ಸಣ್ಣ ಅಂಚು ಇದೆ. ಅಂಚಿನ ಅಗಲ ಸುಮಾರು 9.1 ಮಿ.ಮೀ., ಒಡಲಿನದು 8.5. ಆ ಕೂದಲೆಳೆಯ ವ್ಯತ್ಯಾಸವೇ ತೊಂದರೆಯ ಮೂಲ. ತುಂಬುವಾಗ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಮುಂದೆ ಕೂರಬೇಕು. ಹಿಂದೆ ಕೂತರೆ ಮೇಲಿನದು ಹೊರಡುವಾಗ ಕೆಳಗಿನದಕ್ಕೆ ಕೊಂಡಿ ಹಾಕಿ ನಿಲ್ಲುತ್ತದೆ. ಪಿಸ್ತೂಲಿನಿಂದ ಹೊರಗಿರುವ ಮ್ಯಾಗಜಿನ್ನಿನಲ್ಲಿ ಮೇಲಿನ ತೋಟಾವನ್ನು ಹೆಬ್ಬೆರಳಿನಿಂದ ನಿಧಾನ ಮುಂದಕ್ಕೆ ತಳ್ಳಿ. ಒಂಟಿಯಾಗಿ ಜಾರಿದರೆ ಸರಿ. ಕಚ್ಚಿಕೊಂಡರೆ ಸ್ಕ್ರೂಡ್ರೈವರ್ ತೂರಿಸಬೇಡಿ, ಅಲ್ಲಿರುವುದು ಜೀವಂತ ತೋಟಾ. ತಳದ ತಟ್ಟೆ ಬಿಚ್ಚಿ ಕೆಳಗಿನಿಂದ ಇಳಿಸಿಕೊಳ್ಳಿ, ಸ್ಪ್ರಿಂಗ್ ಹಾರದಂತೆ ಹೆಬ್ಬೆರಳು ಅಡ್ಡ ಇಟ್ಟುಕೊಳ್ಳಿ. ಮೂತಿ ತೂತಿರುವ ಗಿಡ್ಡ ಗುಂಡಿನ ತೋಟಾಗಳಲ್ಲಿ ಈ ಕೊಂಡಿ ಹೆಚ್ಚು, ಏಕೆಂದರೆ ಹಿಂದೆಮುಂದೆ ಓಲಾಡಲು ಜಾಗ ಸಿಗುತ್ತದೆ. ಪೂರ್ತಿ ತಾಮ್ರದ ಹೊದಿಕೆಯ ದುಂಡು ಮೂತಿಯವನ್ನೇ ಬಳಸಿ.

ತೋಟಾ ಪರೀಕ್ಷೆ ಸುಲಭ. ಬ್ಯಾರೆಲ್ ಬಿಚ್ಚಿ ಬರುವ ಮಾದರಿಯಾದರೆ, ಬರೀ ಬ್ಯಾರೆಲ್ಲನ್ನು ಮೂತಿ ಕೆಳಗೆ ಮಾಡಿ ಹಿಡಿದು ಚೇಂಬರಿಗೆ ತೋಟಾ ಬಿಡಿ. ತನ್ನ ಭಾರಕ್ಕೇ ಟಣ್ ಎಂದು ಕೂರಬೇಕು, ಬ್ಯಾರೆಲ್ಲನ್ನು ತಲೆಕೆಳಗು ಮಾಡಿದರೆ ತಾನೇ ಬೀಳಬೇಕು. ಮಧ್ಯದಲ್ಲಿ ನಿಂತರೆ ಆ ತೋಟಾ ಬೇಡ. ಚರ್ಮದ ಬೆಲ್ಟಿನಲ್ಲಿ ವರ್ಷಗಟ್ಟಲೆ ಸಿಕ್ಕಿಸಿಟ್ಟ ತೋಟಾಗಳ ಕಥೆ ಇದೇ. ಉಗುರಿನಿಂದ ಗೀರಿದರೆ ಹಸಿರು ಮೇಣದಂಥ ಕಿಲುಬು ಏಳುತ್ತದೆ, ಅದರಡಿ ಹಿತ್ತಾಳೆ ಗುಳಿ ಬಿದ್ದಿರುತ್ತದೆ. ಅವನ್ನು ತಿಕ್ಕಿ ಬಳಸಬೇಡಿ, ಡೀಲರಿಗೆ ತೋರಿಸಿ.

ಕೊನೆಗೆ ಕೈ. ಮೊದಲ ತೋಟಾ ಏರಿಸುವಾಗ ಸ್ಲೈಡನ್ನು ಮೆಲ್ಲಗೆ ಹಿಡಿದು ಮುಂದಕ್ಕೆ ಬಿಡುವವರೇ ಹೆಚ್ಚು. ಪೂರ್ತಿ ಎಳೆದು ಕೈ ತೆಗೆಯಿರಿ, ಸ್ಪ್ರಿಂಗ್ ತನ್ನ ಕೆಲಸ ಮಾಡಲಿ. ಹೊಡೆಯುವಾಗ ಮಣಿಕಟ್ಟು ಸಡಿಲವಾದರೆ ಸ್ಲೈಡ್ ಹಿಂದಕ್ಕೆ ಪೂರ್ತಿ ಹೋಗುವುದಿಲ್ಲ. ಗುಂಡು ಹೋದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ಕೋಶ ಹೊರಗೆ ಹಾರದೆ ಒಲೆಯ ಚಿಮಣಿಯಂತೆ ನಿಲ್ಲುವುದು ಬಹುತೇಕ ಇದರಿಂದಲೇ.

ವಿದೇಶಿ ವಿಡಿಯೊಗಳು ‘500 ಸುತ್ತು ಹೊಡೆಯಿರಿ, ಪಳಗುತ್ತದೆ’ ಎನ್ನುತ್ತವೆ. ನಿಮಗೆ ಸಿಗುವುದು ಲೈಸೆನ್ಸ್ ಪುಸ್ತಕದಲ್ಲಿ ಬರೆದಷ್ಟೇ ತೋಟಾ. ಆದ್ದರಿಂದ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪ್ರತಿ ಸುತ್ತಿನ ಲೆಕ್ಕ ಬರೆದಿಡಿ. ಎರಡು ಮ್ಯಾಗಜಿನ್ನಿನಲ್ಲೂ, ಹೊಸ ತೋಟಾದಲ್ಲೂ, ರೇಂಜಿನ ತರಬೇತುದಾರರು ಹೊಡೆದಾಗಲೂ ಸಿಕ್ಕಿಕೊಂಡರೆ ಆಗ ಮಾತ್ರ ದೋಷ ಪಿಸ್ತೂಲಿನದು. ಆ ಚೀಟಿ ಸಮೇತ ಕೊಂಡ ಅಂಗಡಿಗೆ ಒಯ್ಯಿರಿ.

ಪ್ರಶ್ನೆ: ರಿವಾಲ್ವರಿನ .32 ತೋಟಾ ಮನೆಯಲ್ಲಿದೆ, ಪಿಸ್ತೂಲಿಗೆ ನಡೆಯುತ್ತದೆಯೇ? (ಗಂಗಾವತಿ)

ಉತ್ತರ: ಇಲ್ಲ. ಅದರ ಕೋಶ ಸುಮಾರು 23 ಮಿ.ಮೀ., ಪಿಸ್ತೂಲಿನದು 17.

ಪ್ರಶ್ನೆ: ಕೊಬ್ಬರಿ ಎಣ್ಣೆ ಹಾಕಬಹುದೇ? (ಸಿಂಧನೂರು)

ಉತ್ತರ: ತಲೆಗೆ ಹಾಕಿ. ಲೋಹದ ಮೇಲೆ ಅದು ಅಂಟಾಗುತ್ತದೆ.

ಪ್ರಶ್ನೆ: ಮದುವೆ ಮೆರವಣಿಗೆಯಲ್ಲಿ ನಾಲ್ಕು ಸುತ್ತು ಹಾರಿಸಿ ಪರೀಕ್ಷಿಸಿದರೆ? (ಸಿರುಗುಪ್ಪ)

ಉತ್ತರ: 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಜೈಲು ಅಥವಾ ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಮೇಲೆ ಹೋದ ಗುಂಡು ಯಾರದೋ ತಲೆಯ ಮೇಲೆ ಇಳಿಯುತ್ತದೆ.

ಪ್ರಶ್ನೆ: ದಿನಾ ರಾತ್ರಿ ಅದೇ ತೋಟಾ ಏರಿಸಿ, ಬೆಳಿಗ್ಗೆ ಇಳಿಸುತ್ತೇನೆ. ಚುನಾವಣೆಗೆ ಠಾಣೆಯಲ್ಲಿಟ್ಟು ತಂದ ಮೇಲೂ ಅದೇ ತೋಟಾ. ತೊಂದರೆ ಇದೆಯೇ? (ಕೊಪ್ಪಳ)

ಉತ್ತರ: ಇದೆ. ಪ್ರತಿ ಸಲ ಮೂತಿ ಇಳಿಜಾರಿಗೆ ಬಡಿದು ಗುಂಡು ಕೋಶದೊಳಕ್ಕೆ ಸ್ವಲ್ಪ ಸ್ವಲ್ಪ ಸರಿಯುತ್ತದೆ. ಒಳಗಿನ ಜಾಗ ಕಡಿಮೆಯಾದಷ್ಟೂ ಹೊಡೆದಾಗ ಒತ್ತಡ ಏರುತ್ತದೆ. ಸರಿಯಾದ ತೋಟಾ ಸುಮಾರು 25 ಮಿ.ಮೀ. ಉದ್ದ. ಅದೇ ಡಬ್ಬಿಯ ಹೊಸದರ ಪಕ್ಕದಲ್ಲಿಟ್ಟು ವರ್ನಿಯರಿನಲ್ಲಿ ಅಳೆಯಿರಿ, ಗಿಡ್ಡವಾಗಿದ್ದರೆ ಬಳಸಬೇಡಿ. ರಾತ್ರಿ ಏರಿಸಿಡುವ ಅಭ್ಯಾಸವನ್ನೇ ಬಿಡಿ, ಮನೆಯಲ್ಲಿ ಮಕ್ಕಳಿದ್ದಾರೆ ಎಂದು ನೀವೇ ಬರೆದಿದ್ದೀರಿ.

ಪ್ರಶ್ನೆ: ಖಾಲಿ ಕೋಶಕ್ಕೆ ಮದ್ದು ತುಂಬಿಕೊಡುವವರು ಇದ್ದಾರಂತೆ. (ರಾಯಚೂರು)

ಉತ್ತರ: ಲೈಸೆನ್ಸಿಲ್ಲದೆ ತೋಟಾ ತಯಾರಿಸುವುದು ಅಪರಾಧ. ಕೊಳ್ಳಲು ಹೋದ ನೀವೂ ಸಿಕ್ಕಿಬೀಳುತ್ತೀರಿ.

ಪ್ರಶ್ನೆ: ಒಂದು ಸಲ ‘ಪುಸ್’ ಎಂದಿತು, ಸ್ಲೈಡ್ ಸರಿಯಾಗಿ ಆಡಲಿಲ್ಲ. ಸ್ಲೈಡ್ ಎಳೆದು ಮುಂದಿನದನ್ನು ಹೊಡೆಯಬಹುದಿತ್ತೇ? (ಬಳ್ಳಾರಿ)

ಉತ್ತರ: ಹೊಡೆಯದಿದ್ದದ್ದು ಒಳ್ಳೆಯದಾಯಿತು. ಮದ್ದು ಸರಿಯಾಗಿ ಹತ್ತದೆ ಗುಂಡು ಬ್ಯಾರೆಲ್ಲಿನೊಳಗೇ ನಿಂತಿರಬಹುದು, ಹಿಂದಿನಿಂದ ಇನ್ನೊಂದು ಬಂದರೆ ಬ್ಯಾರೆಲ್ ಸೀಳುತ್ತದೆ. ಮೂತಿಯನ್ನು ಗುರಿದಿಬ್ಬದ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ. ಮ್ಯಾಗಜಿನ್ ತೆಗೆದು, ಚೇಂಬರ್ ಖಾಲಿ ಮಾಡಿ, ಬಿಚ್ಚಿದ ಬ್ಯಾರೆಲ್ಲನ್ನು ಬೆಳಕಿಗೆ ಹಿಡಿದು ನೋಡಿ. ಆಚೆಯ ಬೆಳಕು ಕಾಣದಿದ್ದರೆ ಸಲಾಕೆ ಹಾಕಿ ಬಡಿಯಬೇಡಿ, ಹಾಗೇ ಲೈಸೆನ್ಸ್ ಇರುವ ಗನ್‌ಸ್ಮಿತ್ ಬಳಿ ಕೊಂಡೊಯ್ಯಿರಿ. ಅದೇ ಡಬ್ಬಿಯ ಉಳಿದ ತೋಟಾಗಳನ್ನೂ ಜೊತೆಗೆ ಒಯ್ದು ತೋರಿಸಿ.