ಮಾತ್ರೆ ಕುಟ್ಟುವ ಮುಂಚೆ

ಪ್ರೀತಿಯ ಸೋದರಿ,

ಹರಿಹರದಿಂದ ನೀವು ಬರೆದ ಪತ್ರ ತಲುಪಿತು. ನಿಮ್ಮ ಅತ್ತೆಗೆ ಶುಗರ್ ಇದೆ. ಮಾತ್ರೆ ದಪ್ಪ, ಗಂಟಲಲ್ಲಿ ಇಳಿಯುವುದಿಲ್ಲ ಅಂತ ಕುಟ್ಟಿ, ನೀರಲ್ಲಿ ಕಲಸಿ ಕೊಡುತ್ತಿದ್ದೀರಿ. ದಾವಣಗೆರೆಯಲ್ಲಿ ಎಂ.ಫಾರ್ಮ ಓದುತ್ತಿರುವ ಮಗಳು ಊರಿಗೆ ಬಂದಾಗ ಅದನ್ನು ನೋಡಿ ಬೈದಳು. ಅವಳ ಪ್ರಾಜೆಕ್ಟ್ ಹುಣಸೆ ಬೀಜದ ಅಂಟಿನಿಂದ ಮಾತ್ರೆ ಮಾಡುವುದು. ‘ಹುಣಸೆ ಬೀಜ ಅರೆಯೋಕೆ ಎರಡು ವರ್ಷ ಓದಬೇಕಾ?’ ಅಂತ ನೆಂಟರು ಆಡಿಕೊಳ್ಳುತ್ತಾರೆ. ಸಾಲದ್ದಕ್ಕೆ ಪರಿಚಯದವರೊಬ್ಬರು ಅರಿಶಿನದ ಆಂಟಿಆಕ್ಸಿಡೆಂಟ್ ಕ್ಯಾಪ್ಸೂಲ್ ತಂದುಕೊಟ್ಟು, ಇನ್ನು ಶುಗರ್ ಮಾತ್ರೆಯೇ ಬೇಡ ಅಂದಿದ್ದಾರೆ.

ಮಗಳು ಬೈದಿದ್ದು ಸರಿ. ಮೊದಲು ಮಾತ್ರೆಯ ಸ್ಟ್ರಿಪ್ ನೋಡಿ. ಹೆಸರಿನ ಮುಂದೆ ಎಸ್‌ಆರ್, ಎಕ್ಸ್‌ಆರ್ ಅಥವಾ ಇಆರ್ ಅಂತ ಇದ್ದರೆ ಅದು ನಿಧಾನವಾಗಿ ಔಷಧ ಬಿಡುವ ಮಾತ್ರೆ. ಕುಟ್ಟಲೂ ಬಾರದು, ಅಗಿಯಲೂ ಬಾರದು. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಅನ್ನುವ ಔಷಧ ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಸುಮಾರು 6 ಗಂಟೆ ಕಳೆಯುವಷ್ಟರಲ್ಲಿ ಅರ್ಧ ಇಳಿದುಹೋಗುತ್ತದೆ. ಅದಕ್ಕೇ ಅದನ್ನು ನೀರು ಕುಡಿದು ಉಬ್ಬಿ ಲೋಳೆಯಾಗುವ ವಸ್ತುವಿನ ಜೊತೆ ಬೆರೆಸಿ ಒತ್ತಿರುತ್ತಾರೆ. ಹೊಟ್ಟೆಗೆ ಹೋದಮೇಲೆ ಆ ಲೋಳೆಯ ಒಳಗಿಂದ ಔಷಧ ಗಂಟೆಗಟ್ಟಲೆ ಸ್ವಲ್ಪ ಸ್ವಲ್ಪವೇ ಹೊರಬರಬೇಕು. ಕುಟ್ಟಿದರೆ ಇಡೀ ಡೋಸ್ ಒಂದೇ ಸಲಕ್ಕೆ ಬರುತ್ತದೆ. ಹೊಟ್ಟೆ ತೊಳಸುವುದು, ಭೇದಿ ಜಾಸ್ತಿ ಆಗುವುದು ಒಂದು ಕಡೆ. ದಿನವಿಡೀ ಸಿಗಬೇಕಾದ ಔಷಧ ಬೇಗ ಮುಗಿದುಹೋಗುವುದು ಇನ್ನೊಂದು ಕಡೆ. ಬಿಪಿಯ ನಿಫೆಡಿಪಿನ್‌ನಂಥ ಮಾತ್ರೆಯಲ್ಲಿ ಇದು ಇನ್ನೂ ಅಪಾಯ. ನಿಧಾನದ ಮಾತ್ರೆಯನ್ನು ಪುಡಿ ಮಾಡಿ ಕೊಟ್ಟರೆ ಬಿಪಿ ಒಮ್ಮೆಲೇ ಕುಸಿಯಬಹುದು.

ಕೆಲವರಿಗೆ ಮಲದಲ್ಲಿ ಮಾತ್ರೆ ಇಡಿಯಾಗಿ ಬಂದಂತೆ ಕಾಣುತ್ತದೆ. ಗಾಬರಿಯಾಗಿ ಎರಡನೇ ಮಾತ್ರೆ ನುಂಗಿಸಬೇಡಿ. ಬಂದದ್ದು ಸಾಮಾನ್ಯವಾಗಿ ಬರೀ ಚಿಪ್ಪು, ಔಷಧ ಆಗಲೇ ಮೈಗೆ ಸೇರಿರುತ್ತದೆ.

ಇನ್ನು ಹುಣಸೆ ಬೀಜ. ಚಳ್ಳಕೆರೆ ಕಡೆ ಕಂಬಳಿ ನೇಯುವವರು ಉಣ್ಣೆ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚುವುದನ್ನು ನೀವು ನೋಡಿರಬಹುದು. ನೂಲಿಗೆ ಬಿಗಿ ಕೊಡುವ ಅದೇ ಅಂಟು ಮಾತ್ರೆಯೊಳಗೂ ಕೆಲಸ ಮಾಡುತ್ತದೆ. ನಮ್ಮ ಹೊಲಗಳಲ್ಲಿ ಬೆಳೆಯುವ ಮೆಕ್ಕೆಜೋಳದ ಪಿಷ್ಟವನ್ನು ಸಾಮಾನ್ಯ ಮಾತ್ರೆಗೆ ಹಾಕುವುದು ಅದು ಬೇಗ ಒಡೆಯಲಿ ಅಂತ. ಹುಣಸೆ ಅಂಟಿನ ಗುಣ ಇದಕ್ಕೆ ಉಲ್ಟಾ. ಅದು ಉಬ್ಬಿ, ಗಟ್ಟಿ ಲೋಳೆಯಾಗಿ ಔಷಧವನ್ನು ಹಿಡಿದಿಡುತ್ತದೆ.

ಇದು ಹೇಳಿದಷ್ಟು ಸುಲಭದ ಕೆಲಸ ಅಲ್ಲ. ಬೀಜ ಹುರಿದು, ಸಿಪ್ಪೆ ತೆಗೆದು, ಪುಡಿಯನ್ನು ನೀರಲ್ಲಿ ಕುದಿಸಿ ಸೋಸಬೇಕು. ಅದಕ್ಕೆ ಆಲ್ಕೋಹಾಲ್ ಅಥವಾ ಅಸಿಟೋನ್ ಹಾಕಿದರೆ ಅಂಟು ಬೇರ್ಪಡುತ್ತದೆ. ಒಣಗಿಸಿ, ಜರಡಿ ಹಿಡಿದು, ಔಷಧದ ಜೊತೆ ಬೆರೆಸಿ ಮಾತ್ರೆ ಒತ್ತುತ್ತಾರೆ. ಆಮೇಲೆ ನಿಜವಾದ ಪರೀಕ್ಷೆ. ಗಾಜಿನ ಪಾತ್ರೆಯಲ್ಲಿ 900 ಮಿಲಿಲೀಟರ್ ದ್ರವ, ಮೈಯ ಬಿಸಿಯಷ್ಟೇ, ಅಂದರೆ 37 ಡಿಗ್ರಿ. ಪುಟ್ಟ ಹುಟ್ಟು ನಿಮಿಷಕ್ಕೆ 50 ಸುತ್ತು ತಿರುಗುತ್ತಿರುತ್ತದೆ. ಮೊದಲ 2 ಗಂಟೆ ಜಠರದಂಥ ಆಮ್ಲ, ಆಮೇಲೆ ಕರುಳಿನಂಥ ದ್ರವ. ಗಂಟೆಗೊಮ್ಮೆ ಒಂದಿಷ್ಟು ತೆಗೆದು ಎಷ್ಟು ಔಷಧ ಬಿಟ್ಟಿದೆ ಅಂತ ಅಳೆಯಬೇಕು. ಅಂಟು ಚೂರು ಕಮ್ಮಿಯಾದರೆ ಮಾತ್ರೆ ಮುಂಚೆಯೇ ಖಾಲಿ. ಜಾಸ್ತಿಯಾದರೆ ಔಷಧ ಹೊರಗೇ ಬರುವುದಿಲ್ಲ. ಒಂದೊಂದು ಮರದ ಬೀಜ ಒಂದೊಂದು ಥರ ಇರುವುದರಿಂದ ಪ್ರತಿ ಸಲವೂ ಒಂದೇ ಗುಣ ಬರುವಂತೆ ನೋಡಿಕೊಳ್ಳುವುದೂ ಕಷ್ಟ. ನಿಮ್ಮ ಅತ್ತೆ ನುಂಗುವಂಥ ಮಾತ್ರೆಯ ಹಿಂದೆ ಇಷ್ಟು ದುಡಿಮೆ ಇದೆ. ಔಷಧ ಯಾವುದು ಅನ್ನುವಷ್ಟೇ ಅದು ಎಲ್ಲಿ, ಎಷ್ಟು ಹೊತ್ತಿನಲ್ಲಿ ಬಿಡುಗಡೆಯಾಗುತ್ತದೆ ಅನ್ನುವುದೂ ಮುಖ್ಯ. ನೆಂಟರಿಗೆ ಧೈರ್ಯವಾಗಿ ಹೇಳಿ.

ಕ್ಯಾಪ್ಸೂಲಿನ ವಿಷಯಕ್ಕೂ ಇದೇ ಮಾತು ಹೊಂದುತ್ತದೆ. ಶುಗರ್ ಇದ್ದವರ ಜೀವಕೋಶಗಳಲ್ಲಿ ಚುರುಕಾದ ಆಮ್ಲಜನಕದ ಕಣಗಳು ಜಾಸ್ತಿ ಹುಟ್ಟಿ ನರ, ಕಣ್ಣು, ಕಿಡ್ನಿಗೆ ಪೆಟ್ಟು ಕೊಡುತ್ತವೆ ಅನ್ನುವುದು ನಿಜ. ಆದರೆ ರೋಗಾಣು ಕೊಲ್ಲಲು ನಮ್ಮ ಬಿಳಿ ರಕ್ತಕಣಗಳಿಗೂ ಅವೇ ಬೇಕು. ಆಂಟಿಆಕ್ಸಿಡೆಂಟ್ ಅಂದರೆ ಈ ಕಣಗಳನ್ನು ತಣಿಸುವ ವಸ್ತು; ಎಲ್ಲವನ್ನೂ ಅಳಿಸಿಹಾಕಿದರೆ ಒಳ್ಳೆಯದು ಅನ್ನುವ ಲೆಕ್ಕ ನಡೆಯುವುದಿಲ್ಲ. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29 ಸಾವಿರ ಗಂಡಸರ ಮೇಲೆ ನಡೆದ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಆಂಟಿಆಕ್ಸಿಡೆಂಟ್ ಅಂತ ಬೀಟಾ ಕ್ಯಾರೋಟಿನ್ ತಗೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಮ್ಮಿ ಆಗಲಿಲ್ಲ, ಶೇ. 18ರಷ್ಟು ಹೆಚ್ಚೇ ಆಯಿತು.

ಅರಿಶಿನದಲ್ಲಿರುವ ಕರ್ಕ್ಯುಮಿನ್ ಅನ್ನುವ ಅಂಶದ ಕಥೆ ಬೇರೆ. ತಿಂದರೆ ಅದು ರಕ್ತಕ್ಕೆ ಸೇರುವುದೇ ಕಷ್ಟ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟು ನೋಡಿದರು. ಪೈಪರಿನ್ ಅಂದರೆ ಮೆಣಸಿನ ಕಾಳಿನ ಖಾರದ ಅಂಶ. ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಹಲವು ಪಟ್ಟು ಹೆಚ್ಚಿತು. ಅರಿಶಿನದ ಎಷ್ಟೋ ಕ್ಯಾಪ್ಸೂಲ್‌ಗಳಲ್ಲಿ ಪೈಪರಿನ್ ಇರುವುದು ಇದಕ್ಕೇ. ಆದರೆ ಪೈಪರಿನ್ ಬೇರೆ ಕೆಲವು ಔಷಧಗಳನ್ನು ದೇಹ ಹೊರಹಾಕುವ ವೇಗವನ್ನೂ ತಗ್ಗಿಸಬಲ್ಲದು. ಸಾಂದ್ರ ಅರಿಶಿನದ ಕ್ಯಾಪ್ಸೂಲ್ ತಗೊಂಡವರಲ್ಲಿ ಲಿವರ್ ತೊಂದರೆ ಕಂಡ ಪ್ರಕರಣಗಳು ಇಟಲಿ, ಆಸ್ಟ್ರೇಲಿಯಾ, ಅಮೆರಿಕದಲ್ಲಿ ವರದಿಯಾಗಿವೆ. ಸಾರಿಗೆ ಹಾಕುವ ಚಿಟಿಕೆ ಅರಿಶಿನಕ್ಕೆ ಈ ಭಯ ಬೇಡ.

ದಯವಿಟ್ಟು ಆ ಕ್ಯಾಪ್ಸೂಲ್ ನಂಬಿ ಶುಗರ್ ಮಾತ್ರೆ ನಿಲ್ಲಿಸಬೇಡಿ. ಈ ವಾರವೇ ಅತ್ತೆಯನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ನುಂಗಲು ಆಗದವರಿಗೆ ಸಾಮಾನ್ಯ ಮೆಟ್‌ಫಾರ್ಮಿನ್ ಅನ್ನು ದಿನಕ್ಕೆ ಎರಡು ಮೂರು ಸಲ ಹಂಚಿ ಕೊಡಬಹುದು, ದ್ರವರೂಪದ್ದೂ ಇದೆ. ಯಾವುದು, ಎಷ್ಟು ಅಂತ ಅವರೇ ಹೇಳಲಿ. ಇಷ್ಟು ದಿನ ಕುಟ್ಟಿ ಕೊಟ್ಟಿದ್ದನ್ನು ಮುಚ್ಚಿಡಬೇಡಿ, ಶುಗರ್ ಏರುಪೇರಾಗಿದ್ದರೆ ಕಾರಣ ಅವರಿಗೆ ಗೊತ್ತಾಗುತ್ತದೆ. ಸ್ಟ್ರಿಪ್‌ನ ಜೊತೆ ಕ್ಯಾಪ್ಸೂಲಿನ ಡಬ್ಬಿಯನ್ನೂ ಒಯ್ಯಿರಿ.

— ಸಂಪಾದಕ